ಗೋಡೆಯ ಮೇಲಿನ ವಿಳಾಸ

ಲಿಂಕನ್ನು ಒಂಬತ್ತನೆಯ ಸಲ ಒತ್ತಿದಾಗಲೂ ಅದೇ ಬೂದು ಚೌಕ. ನಡುವೆ ಹರಿದ ಕಾಗದದಂಥ ಪುಟ್ಟ ಗುರುತು, ಅಷ್ಟೆ.

ಆಶಾರಾಣಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಸ್ಟಾಫ್ ರೂಮಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಮಹದೇವಪ್ರಸಾದ್ ಬಿಟ್ಟರೆ ಯಾರೂ ಇರಲಿಲ್ಲ.

“ನೀವು ಫೋಟೋ ಇಟ್ಟಿದ್ದ ಸೈಟನ್ನ ಬೇರೆ ಕಂಪನಿ ತಗೊಂಡಿದೆ ಮೇಡಂ. ಹಳೇ ಲಿಂಕ್ ಒಂದೂ ತೆರೆಯಲ್ಲ. ಫೋಟೋ ಇಳಿಸ್ಕೊಳ್ಳಿ ಅಂತ ಮೇಲ್ ಬಂದಿರಬೇಕಲ್ಲ?”

“ಬಂದಿರಬಹುದು.”

“ಮೂಲ ಪ್ರತಿ ಇದೆ ತಾನೆ?”

“ನೋಡಬೇಕು.”

ನೋಡುವುದೇನೂ ಇರಲಿಲ್ಲ. ಮೇಲ್ ಮೂರು ಸಲ ಬಂದಿತ್ತು. ಸೋಪಿನ ಜಾಹೀರಾತುಗಳ ಜೊತೆ ಅದನ್ನೂ ಗುಡಿಸಿಹಾಕಿದ್ದಳು. ಮಗಳು ಸ್ಪಂದನಳ ಶಾಲೆಯ ವಾರ್ಷಿಕೋತ್ಸವಕ್ಕೆಂದು ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿದ್ದೂ ಅವಳೇ. ಕೊಳ್ಳೇಗಾಲದ ಮಗ್ಗಗಳ ಆರುನೂರು ಫೋಟೋ. ನಾಲ್ಕು ವರ್ಷದ ಭಾನುವಾರಗಳು. ಅವನ್ನಿಟ್ಟುಕೊಂಡು ಮಂಡಿಸಿದ ಪ್ರಬಂಧದ ಹೆಸರು ‘ಉಳಿಸಿಕೊಳ್ಳುವ ಬಗೆ’. ಚಪ್ಪಾಳೆ ಬಿದ್ದಿತ್ತು.

ಆರುನೂರರಲ್ಲಿ ಒಂದು ಶಿವನಂಜಮ್ಮನದು. ಬೆಳಿಗ್ಗೆಯೇ ಅವಳ ಗಂಡ, ನೇಕಾರ ದೇವಣ್ಣ, ಫೋನು ಮಾಡಿದ್ದ.

“ಮೇಡಮ್ಮಾರೆ, ಸೋಮ್ವಾರ ನಮ್ಮವಳ ವರ್ಸದ ತಿಥಿ. ಪೋಟ ದೊಡ್ದು ಮಾಡ್ಸವ ಅಂದ್ರೆ ಸ್ಟುಡಿಯೋದವ್ನು ನೀವು ಬರ್ಕೊಟ್ಟಿದ್ ಲಿಂಕಲ್ಲಿ ಏನೂ ಕಾಣಕಿಲ್ಲ ಅಂತನೆ.”

“ಬೇರೆ ಯಾವುದೂ ಇಲ್ವಾ ದೇವಣ್ಣ?”

“ಆಧಾರ್ ಕಾರ್ಡ್‌ನಲ್ಲಿ ಒಂದದೆ. ಅದು ಇವಳಲ್ಲ ಬುಡಿ, ಕೋಳಿ ಕದ್ದು ಸಿಕ್ಕಾಕೊಂಡೋಳಂಗವ್ಳೆ.”

ಕಾಲೇಜು ಬಿಟ್ಟ ಮೇಲೆ ನೇರ ಅವನ ಮನೆಗೇ ನಡೆದಳು. ದಾರಿಯುದ್ದಕ್ಕೂ ವಾಕ್ಯವೊಂದನ್ನು ಸರಿಪಡಿಸುತ್ತಿದ್ದಳು. ಕಳೆದುಹೋಗಿದೆ. ಸಿಗುತ್ತಿಲ್ಲ. ನಾನೇ ಕಳೆದೆ. ಮೂರನೆಯದಕ್ಕೆ ಬಂದಾಗಲೆಲ್ಲ ಮತ್ತೆ ಮೊದಲನೆಯದಕ್ಕೆ ಮರಳುತ್ತಿದ್ದಳು.

ದೇವಣ್ಣ ಗುಂಡಿಮಗ್ಗದೊಳಗೆ ಕಾಲು ಇಳಿಬಿಟ್ಟು, ಜಾರದಿರಲೆಂದು ಬೂದಿ ಮೆತ್ತಿದ ಬೆರಳುಗಳಿಂದ ಹಳೆಯ ಹಾಸಿನ ಉದ್ದೆಳೆಗೆ ಹೊಸ ಎಳೆ ಹೊಸೆದು ಸೇರಿಸುತ್ತಿದ್ದ. ಫೋಟೋದಲ್ಲಿ ಶಿವನಂಜಮ್ಮ ಮಾಡುತ್ತಿದ್ದುದೂ ಇದನ್ನೇ. ಅವಳು ಸೇರಿಸಿದ್ದು ಎಲ್ಲೆಂದು ಯಾರಿಗೂ ಕಾಣುತ್ತಿರಲಿಲ್ಲ. ಇವನದು ಎದ್ದು ಕಾಣುತ್ತಿತ್ತು.

“ಬನ್ನಿ, ಕೂತ್ಕಳಿ. ಅಂಜನಾ, ಕಾಪಿ ತಕಬಾವ್ವ,” ಎಂದು ಒಳಗಿದ್ದ ಮಗಳನ್ನು ಕೂಗಿದ.

“ಬೇಡ.” ಅವಳು ನಿಂತೇ ಇದ್ದಳು. “ದೇವಣ್ಣ, ಫೋಟೋ ಇಟ್ಟುಕೊಂಡಿದ್ದ ಕಂಪನಿಯವರು ಜಾಗ ಬದಲಾಯಿಸಿಬಿಟ್ಟಿದ್ದಾರೆ.”

“ಅದಕ್ಕೇನಂತೆ? ನಾವು ಯಳಂದೂರಿಂದ ಇಲ್ಲಿಗೆ ಬಂದಾಗ ಅಂಚೆಯವ್ನಿಗೆ ಯೋಳಿ ಬರ್ನಿಲ್ವ? ಅವ್ರೂ ಯಾರ್ಗಾರೂ ಯೋಳಿರ್ತರೆ.”

ಹೇಳಿದ್ದರು. ಮೂರು ಸಲ.

“ನೋಡಿ, ಒಂದಕ್ಸರ ಅಳಿಸ್ನಿಲ್ಲ.” ಅವನು ಗದ್ದದಿಂದಲೇ ಗೋಡೆಯ ಕಡೆ ತೋರಿಸಿದ.

ಎರಡು ವರ್ಷದ ಹಿಂದೆ ಆ ಲಿಂಕನ್ನು ಅಲ್ಲಿ ಮಾರ್ಕರಿನಲ್ಲಿ ಬರೆದವಳು ಅವಳೇ. ಫೋನು ಕಳೆದುಹೋದರೆ ಎಂದು ಅವನು ಕೇಳಿದ್ದ. ಗ್ಯಾಸಿನವನ ನಂಬರಿನ ಪಕ್ಕದಲ್ಲೇ ಬರೀರಿ ಎಂದಿದ್ದ. ‘ಇದು ಎಲ್ಲಿಗೂ ಹೋಗಲ್ಲ ದೇವಣ್ಣ, ಕಾಗದದ ಫೋಟೋ ಆದ್ರೆ ಗೆದ್ದಲು ತಿನ್ನುತ್ತೆ’ ಎಂದು ಅವಳು ನಕ್ಕಿದ್ದಳು.

ತಿಥಿಗೆಂದು ಈಗ ಗೋಡೆಗೆಲ್ಲ ಸುಣ್ಣ ಬಳಿದಿತ್ತು. ಗ್ಯಾಸಿನವನ ನಂಬರೂ ರೇಷ್ಮೆ ಸಾಹುಕಾರನದೂ ಸುಣ್ಣದಡಿ ಹೋಗಿದ್ದವು. ಲಿಂಕಿನ ಸುತ್ತ ಮಾತ್ರ ಅಳತೆಯಿಟ್ಟು ಸುಣ್ಣ ತಾಕಿಸದೆ ಬಿಟ್ಟಿದ್ದರು. ನಾಲ್ಕು ಮೂಲೆಗೂ ಕುಂಕುಮ. ಮೇಲೊಂದು ಹೊಸ ಮೊಳೆ.

“ಆ ಸ್ಟುಡಿಯೋದವ್ನಿಗೆ ಓದಕ್ ಬರಕಿಲ್ಲ ಅಂತ ಕಾಣುತ್ತೆ. ನೀವೇ ಒಂದ್ಸಲ ನೋಡಿ. ಸರ್ಯಾಗದಾ?”

ಅವಳು ಓದಿದಳು. ಒಂದೊಂದೇ ಅಕ್ಷರ, ಕೊನೆಯ ಅಂಕಿಯವರೆಗೆ. ತಪ್ಪಿರಲಿಲ್ಲ.

“ಸರಿಯಾಗಿದೆ.”

“ಅಂಗಂದ್ರೆ ಅವ್ಳು ಅಲ್ಲೇ ಅವ್ಳೆ ಬುಡಿ.” ಅವನ ಉಸಿರು ಹಗುರಾಯಿತು. “ಸೋಮ್ವಾರದೊಳ್ಗೆ ಪೋಟ ಬಂದದು. ಅಲ್ಲಿಗಂಟ ಇಲ್ಲೇ ಊವ ಇಕ್ಕವ. ಬರ್ದೋರು ನೀವು, ನೀವೇ ಇಕ್ಕಿ.”

ಅಂಜನಾ ಕಾಫಿಯ ಬದಲು ತಂದಿದ್ದು ಒಂದು ಮೊಳ ಮಲ್ಲಿಗೆ. ಅದು ಆಶಾರಾಣಿಯ ಅಂಗೈ ಸೇರಿತು. ತಣ್ಣಗಿತ್ತು. ಬೆನ್ನ ಹಿಂದೆ ದೇವಣ್ಣ ಮತ್ತೆ ಎಳೆ ಹುಡುಕತೊಡಗಿದ.

ಮೊಳೆಯವರೆಗೆ ಹೋದ ಕೈ ಅಲ್ಲೇ ನಿಂತಿತು. ಸುತ್ತ ಹಸಿ ಸುಣ್ಣದ ಬಿಳುಪು. ನಡುವೆ, ಹೊಗೆ ಹಿಡಿದ ಹಳೆಯ ಗೋಡೆಯ ಬೂದು ಚೌಕ.