ಮರಕ್ಕೆ ಕಿವಿಗೊಟ್ಟ ಹೊನ್ನಯ್ಯ

ಹೊನ್ನಯ್ಯನ ಮುತ್ತಾತ ಬೆಳಕವಾಡಿಯ ಕೆರೆ ಏರಿಯ ಕೆಳಗೆ ಹಲಸಿನ ಸಾಲು ನೆಟ್ಟು, ಬರಗಾಲದಲ್ಲಿ ಹೆಗಲ ಮೇಲೆ ನೀರು ಹೊತ್ತು ಉಳಿಸಿದವನು. ತಾತ, ಆ ಸಾಲಿನ ಒಂದು ಮರವನ್ನು ಬಾಗಿಲಿಗೆಂದು ಕೇಳಿದ ಪಟೇಲನಿಗೆ "ಇದು ಪದ ಆಡೋ ಮರ, ಕಿರುಗುಟ್ಟೋ ಮರ ಬೇರೆ ನೋಡ್ಕೊ" ಎಂದು ಹೇಳಿ ಕಳಿಸಿದವನು. ಅಪ್ಪ ಜವರಯ್ಯ ಆ ಹಲಸಿನಲ್ಲಿ ಕೊರೆದ ತಂಬೂರಿಗಳು ಮಳವಳ್ಳಿ ಸೀಮೆಯ ಪದಗಾರರ ಹೆಗಲೇರಿ ಮದ್ದೂರು, ಮಂಡ್ಯದವರೆಗೂ ಮನೆಬಾಗಿಲುಗಳಲ್ಲಿ ನುಡಿದವು. ಹೊನ್ನಯ್ಯನ ಪಾಲಿಗೆ ಹೊಲ ಬಂದದ್ದು ಅಷ್ಟಕ್ಕಷ್ಟೆ. ಪೂರಾ ಬಂದದ್ದು ಉಳಿ ಮತ್ತು ಕಿವಿ.

ಆ ಕಿವಿಯಿಂದಾಗಿ ಅವನ ನಡಿಗೆಯೇ ಓರೆ. ಕಂಬ, ತೊಲೆ, ಗಾಡಿಯ ನೊಗ, ಕಂಡ ಕಂಡ ಮರಕ್ಕೆಲ್ಲ ಕಿವಿಯಾನಿಸಿ, ಒಳಗೆ ಕುಟ್ಟೆಹುಳು ಕೊರೆಯುತ್ತಿದೆಯೋ ಎಂದು ಆಲಿಸಿ ಆಲಿಸಿ ಕತ್ತು ಎಡಕ್ಕೆ ವಾಲಿಬಿಟ್ಟಿತ್ತು. ನಂಟರ ಮನೆಗೆ ಹೋದರೂ ಕ್ಷೇಮಸಮಾಚಾರಕ್ಕಿಂತ ಮೊದಲು ಬಾಗಿಲುವಾಡಕ್ಕೆ ಕಿವಿಗೊಡುವನು. "ನಿಮ್ಮನೇಲಿ ಉಣ್ಣೋರು ಜಾಸ್ತಿ ಅವ್ರೆ ಕಣಯ್ಯ" ಎಂದರೆ ಮರಕ್ಕೆ ಹುಳು ಬಿದ್ದಿದೆಯೆಂದೇ ಅರ್ಥ. ಮೈಮೇಲೆ ಯಾರೋ ಅಮಲ್ದಾರರು ತೊಟ್ಟು ಬಿಟ್ಟ ಕರಿಕೋಟು. ಅದರ ಜೇಬಿನ ತುಂಬ ಬೇವಿನ ಸೊಪ್ಪು. ಕೋಟಿಗೂ ಹುಳು ಬೀಳಬಾರದಲ್ಲ!

ಕತ್ತಲ ಪಕ್ಷದಲ್ಲಿ ಕಡಿದು, ತೊಗಟೆ ಸುಲಿದು, ಮಳೆಗಾಲವಿಡೀ ಕೆರೆಯ ಕೆಸರಿನಲ್ಲಿ ಮುಳುಗಿಸಿ, ಮರದ ಸಿಹಿರಸವೆಲ್ಲ ನೀರಿಗಿಳಿದ ಮೇಲೆ, ಕೊಯ್ದ ತುದಿಗಳು ಸೀಳದಂತೆ, ಹುಳು ಮುಟ್ಟದಂತೆ ಸಗಣಿಗೆ ಹೊಂಗೆಎಣ್ಣೆ ಕಲಸಿ ಮೆತ್ತಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟು ಹೊಗೆ ಹಿಡಿಸುವುದು ಮುತ್ತಾತನಿಂದ ಬಂದ ಪದ್ಧತಿ. ಮಂಡ್ಯದ ಕಡೆ ಹೊಸ ನಾಲೆಯ ನೀರು ಹರಿದ ವರುಷ, ಸಾಲಿನಲ್ಲಿ ಉಳಿದಿದ್ದ ಕಟ್ಟಕಡೆಯ ಹಲಸನ್ನು ಹೊನ್ನಯ್ಯ ಕಡಿದ. ತಂಬೂರಿ ಒಡೆದು, ಪದ ನಿಲ್ಲಿಸಿ ಕುಳಿತಿದ್ದ ಪದಗಾರ ಚಿಕ್ಕಮಾದುವಿಗೆ ಅದರಲ್ಲೇ ಹೊಸದು ಮಾಡಿಕೊಡುವೆನೆಂದು ಮಾತು ಕೊಟ್ಟ. ಆದರೆ ತುಂಡನ್ನು ಅಟ್ಟಕ್ಕೇರಿಸುವ ದಿನ ಅವನ ಕೈ ಸಗಣಿಯ ಮೇಲೆ ಹೋಗಲೊಲ್ಲದು. ಮುತ್ತಾತನ ಕೊನೆಯ ಮರ, ದೇವರ ಪದಕ್ಕೆ ದನಿಯಾಗುವ ಮರ! ಹಿರಿಯರ ಹಬ್ಬಕ್ಕೆ ಎಡೆಯಿಟ್ಟಿದ್ದ ಪಾಯಸಕ್ಕೆ ಅಕ್ಕಿಗಂಜಿ ಬೆರೆಸಿ, ಕೈಮುಗಿದು, ಅದನ್ನೇ ತುದಿಗಳಿಗೆ ಮೆತ್ತಿದ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಒಲೆಯ ಮೇಲಿನ ಮಡಕೆಗೆ ನುಣ್ಣನೆಯ ಬಿಳಿ ಪುಡಿ ಉದುರತೊಡಗಿತು. ಹೆಂಡತಿ ದೇವಿರಮ್ಮ ಹಿಟ್ಟೆಂದು ಒರೆಸಿದಳು, ಮರುದಿನವೂ ಬಿತ್ತು. ಹೊನ್ನಯ್ಯ ಅಟ್ಟ ಹತ್ತಿ ಕಿವಿಗೊಟ್ಟ. ಕರಕರ, ಕರಕರ. ಇಳಿದು ಬಂದು ಒಲೆಯ ಮುಂದೆ ಕುಕ್ಕರಿಸಿದ.

"ಉಳ ಬಿದ್ದದೆ ಕಣಮ್ಮಿ."

"ಎಡೆ ಇಕ್ಕಿದೋನು ನೀನೇ, ಉಂಡೋ. ಇನ್ಯಾಕೆ ಮೋರೆ ಜೋಲ್ಸೀಯೆ, ಎಲೆಅಡಿಕೆ ಕೊಟ್ಟು ಕಳ್ಸು."

ಸುದ್ದಿ ಕೇಳಿ ಬಂದ ಚಿಕ್ಕಮಾದು ತಾನೂ ಕಿವಿಯಿಟ್ಟ. "ಒನ್ನಣ್ಣ, ನನ್ ತಂಬೂರಿ ನಾ ನುಡ್ಸೋಕ್ ಮುಂಚೆ ಅವೇ ನುಡಿಸ್ತಾ ಅವಲ್ಲೋ!" ಎಂದು ನಕ್ಕ, ಕಣ್ಣು ಮಾತ್ರ ನಗಲಿಲ್ಲ. ಶಾಲೆಯ ಅನಂತರಾಮು ಮೇಷ್ಟ್ರು ಮರುಗಿ, ಮೈಸೂರಿನಿಂದ ಹದವಾದ ಹಲಸು ತರಿಸಿಕೊಡುತ್ತೇನೆಂದರು.

ಹೊನ್ನಯ್ಯ ಉಳಿ ಮಸೆದ. ಹುಳು ಮೇಯ್ದದ್ದು ಹೊರಗಿನ ಬಿಳಿಮರವನ್ನು. ಒಳಗಿನ ಹೊನ್ನಬಣ್ಣದ ಚೇಗಿಗೆ ಹಲ್ಲು ನಾಟಿರಲಿಲ್ಲ. ಬಿಳುಪನ್ನೆಲ್ಲ ಕೆತ್ತಿ ಒಲೆಗೆ ಹಾಕಿದ, ಚೇಗನ್ನು ಮತ್ತೆ ಕೆರೆಗಿಳಿಸಿದ, ಮೇಲೆತ್ತಿ ಈ ಸಲ ತಾನೇ ಸಗಣಿ ಕಲಸಿದ. ದಿನಕ್ಕೊಮ್ಮೆ ಅಟ್ಟ ಹತ್ತಿ ಕಿವಿಗೊಟ್ಟ. ಮುಂಗಾರು ಹನಿಯುವ ಹೊತ್ತಿಗೆ ತೊಡೆಯ ಮೇಲಿಟ್ಟು ನೋಡಿದರೆ, ಉಳಿದದ್ದು ಅರ್ಧ ಗಾತ್ರ.

"ಇದ್ರಲ್ಲಿ ತಂಬೂರಿ ಆದದಾ, ಮಗೀನ್ ಗಿಲಕಿ ಆದದಾ?" ಎಂದ ಚಿಕ್ಕಮಾದು.

"ಬಾಯ್ ಮುಚ್ಕೊಂಡು ಕೇಳ್ಲಾ" ಎಂದು ಹೊನ್ನಯ್ಯ ಬೆರಳ ಗೆಣ್ಣಿನಿಂದ ಬಡಿದ. ಹುಳುವಿನ ಸದ್ದಿಲ್ಲ. ಒಳಗಿನಿಂದ ತೆಳ್ಳಗೆ, ಉದ್ದಕ್ಕೆ ಒಂದು ದನಿ ಹೊರಟಿತು. ವರುಷದಿಂದ ಪದ ಬಿಟ್ಟಿದ್ದ ಮಾದು, ತನಗೇ ತಿಳಿಯದಂತೆ ಆ ದನಿಗೆ ಗಂಟಲು ಸೇರಿಸಿ ಗುನುಗತೊಡಗಿದ.

ಭಕ್ತಿಯಲ್ಲಿ ಎಡವಿದವರು ಸಾಮಾನ್ಯವಾಗಿ ದೇವರನ್ನು ದೂರುತ್ತಾರೆ, ಇಲ್ಲವೇ ಹೆಂಡತಿಯನ್ನು. ಎಡವಿದ ಕಲ್ಲಿನ ಮೇಲೆಯೇ ಉಳಿ ಮಸೆಯುವ ಜಾತಿಯವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಅವರಿಂದಲೇ ಊರಿನ ದನಿ ಉಳಿಯುವುದು. ಮೇಷ್ಟ್ರು ಅಂದು ಸಂಜೆಯೂ ಬಂದು, ಇಷ್ಟು ಚಿಕ್ಕದರಲ್ಲಿ ಯಾಕೆ ಒದ್ದಾಟ, ಮೈಸೂರಿನ ಮರಕ್ಕೆ ಈಗಲೂ ಹೇಳಿ ಕಳಿಸಬಹುದೆಂದರು. ಹೊನ್ನಯ್ಯ ಓರೆಗತ್ತಿನಲ್ಲೇ ನಕ್ಕ.

"ಬ್ಯಾಡಿ ಸ್ವಾಮಿ. ಉಳನೇ ಸೋತು ಬುಟ್ಟೋದ ಮರ ಇದು. ಇದ್ಕಿಂತ ಗಟ್ಟಿದ ಮೈಸೂರಲ್ಲಿ ಯಾವೋನ್ ಕೊಟ್ಟಾನು?"