ಬೂದಿಯ ಬೋಗುಣಿ

"ಬಿಡೇ ಅದನ್ನ," ಎಂದು ಚಿಕ್ಕಪ್ಪ ಯುಲಾನಳ ಕೈಯಿಂದ ಮಣ್ಣಿನ ಬೋಗುಣಿಯನ್ನು ಎಳೆದ. ಅವಳು ಬಿಡಲಿಲ್ಲ. ಅಪ್ಪನ ತಲೆದೆಸೆಯಲ್ಲಿ ಸುಟ್ಟ ಕಾಗದದ ಬೂದಿ ಅದರ ತುಂಬ ಇತ್ತು. ಹೆಣದ ಪೆಟ್ಟಿಗೆ ಎತ್ತುವಾಗ ಅದನ್ನು ಹೊಸ್ತಿಲ ಮೇಲೆ ಒಡೆಯಬೇಕು. ಒಡೆದವರಿಗೆ ಸತ್ತವನ ಮನೆ, ಮನೆಯಲ್ಲಿರುವುದೆಲ್ಲ.

"ಹೆಣ್ಣುಮಕ್ಕಳು ಒಡೆಯೋದು ಎಲ್ಲಾದ್ರೂ ಕಂಡಿದ್ದೀಯಾ? ನನ್ನ ಮಗ ಒಡೀತಾನೆ."

"ನಿಮ್ಮ ಮಗ ಈ ಮನೇಲಿ ಒಂದು ರಾತ್ರಿ ಮಲಗಲಿ ಚಿಕ್ಕಪ್ಪ, ಆಮೇಲೆ ಕೊಡ್ತೀನಿ."

ಚಿಕ್ಕಪ್ಪನ ಮಗ ತಿಯೆಶಾನ್ ತನ್ನ ಬೂಟು ನೋಡಿಕೊಂಡ. ಚಿಕ್ಕವನಿದ್ದಾಗ ಒಮ್ಮೆ ಮಲಗಿದ್ದ. ಬೆಳಗಾಗುವ ಮೊದಲೇ ಬರಿಗಾಲಲ್ಲಿ ಓಡಿಹೋಗಿದ್ದ.

"ಅವನು ಬಿಡು, ಒಳ್ಳೇ ಓಟಗಾರ," ಎಂದ ಮುದುಕ ವೇ. ಅವನು ಅಪ್ಪನ ಜೊತೆ ಅರಮನೆಯಲ್ಲಿ ಕಾವಲಿಗಿದ್ದವನು.

*

ದೊರೆಯ ಆಳ್ವಿಕೆ ಹೋಗಿ, ಜನ ಟಿಕೆಟು ಕೊಂಡು ಅರಮನೆ ನೋಡಲು ಬರುವಂತಾದ ಮೇಲೆ ಅಪ್ಪನಿಗೆ ಸಿಕ್ಕಿದ್ದು ಬೀಗ ಹಾಕುವ ಕೆಲಸ. ಸಂಜೆ ನೋಡುಗರು ಹೊರಟ ಮೇಲೆ ಕಾವಲಿನವರು ಅಂಗಳ ಅಂಗಳಕ್ಕೂ ಹೋಗಿ, "ಬಾಗಿಲು ಹಾಕ್ತೀವಿ, ಇರೋರು ಹೊರಡಿ," ಎಂದು ಕೂಗಿ ಬೀಗ ಜಡಿಯುತ್ತಿದ್ದರು. ಅಪ್ಪ ಮಾತ್ರ ಕೂಗಿ, ಕದ ಹಿಡಿದುಕೊಂಡು ನಿಲ್ಲುತ್ತಿದ್ದ.

ಒಂದು ಸಂಜೆ ಪುಟ್ಟ ಯುಲಾನ್ ಜೊತೆಗಿದ್ದಳು. ಬಡಗಣ ಮೂಲೆಯ ಖಾಲಿ ಅಂಗಳದ ಬಾಗಿಲಲ್ಲಿ ಅಪ್ಪ ಗೋಡೆಗೆ ಬೆನ್ನು ಒತ್ತಿ ನಿಂತ.

"ಯಾರಿಗಪ್ಪ ದಾರಿ ಬಿಟ್ಟೆ?"

"ಇಲ್ಲಿದ್ದ ಹೆಂಗಸರಿಗೆ. ದೊರೆ ಕಣ್ಣಿಗೂ ಬೀಳದೆ ಇಲ್ಲೇ ಸತ್ರು. ಕೂಗಿದ ಮೇಲೆ ಒಂದು ಗಳಿಗೆ ಕಾಯಬೇಡವಾ?"

"ಹೊರಗೆ ಬಂದು ಎಲ್ಲಿಗೆ ಹೋಗ್ತಾರೆ?"

ಅದನ್ನು ಅಪ್ಪ ಯೋಚಿಸಿರಲಿಲ್ಲ.

ಆ ಚಳಿಗಾಲದಲ್ಲೇ ಮನೆಯಲ್ಲಿ ಯಾರೂ ಮಲಗದ ಹಾಸಿಗೆ ಬೆಚ್ಚಗಿರುತ್ತದೆ ಎಂದು ಅಮ್ಮ ಹೇಳತೊಡಗಿದಳು. ರಾತ್ರಿ ಹಾಕಿದ ಅಗುಳಿ ಬೆಳಗ್ಗೆ ತೆರೆದಿರುತ್ತಿತ್ತು. ವಸಂತದಲ್ಲಿ ಅವಳು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅಂದಿನಿಂದ ಅಪ್ಪ ತನ್ನ ಕೋಣೆಗೆ ಹೋಗುವಾಗಲೂ ಕದ ತಟ್ಟುತ್ತಿದ್ದ.

*

"ಮನೆ ನೀವೇ ಇಟ್ಕೊಳ್ಳಿ," ಎಂದಳು ಯುಲಾನ್. "ಆ ಹೆಂಗಸರನ್ನ ಕರಕೊಂಡು ಬಂದೋನು ಕರಕೊಂಡು ಹೋಗಬೇಕು. ಅಷ್ಟು ಹೇಳಿ ಒಡೀಬೇಕು. ನಿಮ್ಮ ಮಗ ಹೇಳ್ತಾನಾ?"

ತಿಯೆಶಾನ್ ಒಂದು ಹೆಜ್ಜೆ ಹಿಂದೆ ಸರಿದ.

"ಅವಳೇ ಒಡೀಲಿ ಬಿಡಯ್ಯಾ," ಎಂದ ವೇ. "ಹೊತ್ತಾಯ್ತು. ಕಾಲು ಮರಗಟ್ಟಿದೆ."

ಚಿಕ್ಕಪ್ಪ ಕೈ ತೆಗೆದ. ಹೊರುವವರು ಹೆಗಲು ಕೊಟ್ಟರು. ಯುಲಾನ್ ಬೋಗುಣಿಯನ್ನು ತಲೆಯ ಮೇಲಕ್ಕೆ ಎತ್ತಿದಳು.

"ಅಪ್ಪಾ, ಹೊರಡು. ಎಲ್ಲರನ್ನೂ ಕರಕೊಂಡು ಹೊರಡು."

ಒಂದೇ ಏಟಿಗೆ ಚೂರಾಯಿತು. ಬೂದಿ ಹೊಸ್ತಿಲ ತುಂಬ ಹರಡಿತು. ಪೆಟ್ಟಿಗೆ ದಾಟಿತು; ನೆಂಟರು, ನೆರೆಯವರು, ಕೊನೆಗೆ ಕೆಮ್ಮುತ್ತ ವೇ ದಾಟಿದರು. ಒಳಗೆ ಯಾರೂ ಉಳಿಯಲಿಲ್ಲ. ಅವಳು ಒಲೆಯ ಬೆಂಕಿ ಆರಿಸಿ ಬಂದು, ಹೊಸ್ತಿಲು ದಾಟಲು ಕಾಲೆತ್ತಿದವಳು ಹಾಗೇ ನಿಂತಳು.

ಬೂದಿಯಲ್ಲಿ ಬೂಟಿನ ಗುರುತುಗಳೆಲ್ಲ ಓಣಿಯ ಕಡೆಗೆ ಹೋಗಿದ್ದವು. ಅವುಗಳನ್ನು ತುಳಿದುಕೊಂಡು ಮೇಕೆಮರಿಯ ಗೊರಸಿನಂಥ ಸಣ್ಣ ಗುಂಡು ಗುರುತುಗಳು ಬಿದ್ದಿದ್ದವು. ಅರಮನೆಯ ಹೆಂಗಸರು ಮೆಟ್ಟುತ್ತಿದ್ದ, ಅಂಗಾಲಿನ ನಡುವೆ ಮರದ ಹಿಮ್ಮಡಿಯಿರುವ ಜೋಡಿನ ಗುರುತು. ಅವು ಓಣಿಯಿಂದ, ಬೂದಿ ಮೆತ್ತಿಕೊಂಡು, ನಡುಮನೆಯವರೆಗೂ ಒಳಕ್ಕೆ ಬಂದಿದ್ದವು.