ಸಾಬೂನು ನೀರು

ಕಾಲುದೀಪದ ಕುಡಿ ಎಡಕ್ಕೆ ಬಾಗಿತು, ಗಾಳಿ ಇರಬೇಕು, ಕಿಟಕಿ ಮುಚ್ಚಿದೆಯಲ್ಲ, ಗಾಳಿ ಎಲ್ಲಿಂದ, ಇಷ್ಟೊಂದು ಸೀರೆ ಮುಂಡುಗಳ ಓಡಾಟದ ಗಾಳಿಯೇ ಇರಬೇಕು ಎಂದುಕೊಂಡ ವಿಜಿಲೇಶ, ಹೊಸ ಅಡುಗೆಮನೆಯ ಬಾಗಿಲಿಗೆ ಒರಗಿ, ಮುಂಡಿನ ಗಂಜಿ ಸೊಂಟಕ್ಕೆ ಒತ್ತುತ್ತಿದೆ, ಅಷ್ಟು ದೊಡ್ಡ ಮನೆಯಲ್ಲಿ ದೀಪವಿಡಲು ಬೇರೆ ಜಾಗ ಸಿಗಲಿಲ್ಲವೇ, ಒಲೆಯ ಕೆಳಗಿನ ಕಪಾಟಿನ ಬುಡಕ್ಕೇ ಇಟ್ಟಿದ್ದಾರೆ, ದೇವರ ಕೋಣೆಯ ಬೆಂಕಿಯಿಂದಲೇ ಒಲೆ ಹೊತ್ತಬೇಕಂತೆ. ತಂಗಿ ಲಿಜಿನ ಹಾಲಿನ ಹೊಸ ಮಡಕೆಯನ್ನು ಒಲೆಯ ಮೇಲಿಟ್ಟು ಗೃಹಪ್ರವೇಶದ ಮುಹೂರ್ತಕ್ಕೆ ಕಾಯುತ್ತಿದ್ದಾಳೆ, ಹಾಲು ಪೂರ್ವಕ್ಕೆ ಉಕ್ಕಬೇಕು, ಕೋಝಿಕ್ಕೋಡಿನಲ್ಲಿ ಹಾಲು ಉಕ್ಕದ ಮನೆ ಮನೆಯಲ್ಲ, ಆದರೆ ಮಡಕೆಯ ಕೆಳಗಿರುವ ಈ ಕರಿ ಗಾಜಿನ ಗ್ಯಾಸ್ ಒಲೆ, ಗ್ರಾನೈಟ್ ಕಟ್ಟೆ ಕೊರೆದು ನಿನ್ನೆ ಅವನೇ ಕೂರಿಸಿದ್ದು, ಸುತ್ತ ಅಂಟುಪಟ್ಟಿ ಸರಿಯಾಗಿದೆ, ಅಡಿಯ ಹಿಡಿಕೆಗಳು ಬಿಗಿಯಾಗಿವೆ, ಕೊಳವೆ ಎಲ್ಲೂ ಮಡಚಿಲ್ಲ, ಬಾಗುಕೊಳವೆಯ ತಿರುಪಿಗೆ ವಾಷರ್ ಹಾಕಿ ಸ್ಪ್ಯಾನರಿನಲ್ಲಿ ಬಿಗಿದದ್ದು ಕೈಗೆ ನೆನಪಿದೆ, ಬಿಗಿದ ಮೇಲೆ - ಬಿಗಿದ ಮೇಲೆ ಏನು ಮಾಡಿದೆ, ಏನೂ ಮಾಡಲಿಲ್ಲ. ಹೊತ್ತಿಸಿ ನೋಡಲು ಬಿಡಲಿಲ್ಲ ಜಾನುವಮ್ಮ, ತಂಗಿಯ ಅತ್ತೆ, ಮಗನಿಗೆ ಹೇಳುವ ಹಾಗೆ, ಹಾಲಿಗಿಂತ ಮುಂಚೆ ಆ ಒಲೆಗೆ ಬೆಂಕಿ ತೋರಿಸಬೇಡ ಮೋನೇ, ಮೊದಲ ಬೆಂಕಿ ಹಾಲಿಗೇ ಸೇರಬೇಕು. ಸರಿ, ಜ್ವಾಲೆ ನೀಲಿಯೋ ಹಳದಿಯೋ ನೋಡಿಲ್ಲ, ಗುಬುಟು ಕಿತ್ತು ಸಣ್ಣ ಉರಿಯ ತಿರುಪು ತಿರುಗಿಸಿ ಹೊಂದಿಸಿಲ್ಲ, ಅದೆಲ್ಲ ನಾಳೆಗೂ ಆದೀತು, ಆದರೆ ಸಾಬೂನು ನೀರಿಗೆ ಬೆಂಕಿ ಬೇಕಿಲ್ಲವಲ್ಲ. ಕೊಳವೆಯ ಕೀಲಿಗೆ ನೊರೆ ಹಚ್ಚಬೇಕು, ಅನಿಲ ಬಿಡಬೇಕು, ಕಾಯಬೇಕು, ಸೋರಿದರೆ ಗುಳ್ಳೆ ಏಳುತ್ತದೆ, ಸಣ್ಣ ಮೀನಿನ ಕಣ್ಣಿನಂಥ ಗುಳ್ಳೆ, ನೋಡನೋಡುತ್ತ ಉಬ್ಬುತ್ತದೆ. ಲಿಜಿನ ತಾನಾಗಿಯೇ ಸ್ಟೀಲ್ ಲೋಟದಲ್ಲಿ ನೀರು ಕಲಸಿ, ಬ್ರಷ್ ಸಮೇತ ತಂದಿಟ್ಟಿದ್ದಳು, ಏಟ್ಟ ಎಂದು ಕರೆಯುವ ಅಣ್ಣನ ಕೆಲಸ ನೋಡಿ ಬೆಳೆದವಳು.

ಆ ಲೋಟ ಇನ್ನೂ ಕಿಟಕಿಯ ಕಟ್ಟೆಯ ಮೇಲೆಯೇ ಇದೆ. ನಿನ್ನೆ ಅದಕ್ಕೆ ಕೈ ಚಾಚುವಷ್ಟರಲ್ಲಿ ತಂಗಿಯ ಗಂಡ ಪ್ರಶೋಭ್ ಫೋನ್ ಹಿಡಿದು ಬಂದ, ಹಿಂದೆ ಅವನ ಕಡೆಯ ನೆಂಟರು, ಏಟ್ಟಾ, ಈ ವಿಡಿಯೋದಲ್ಲಿ ಸಾಬೂನು ಹಚ್ಚಿ ನೋಡ್ತಾರೆ, ನಿಮ್ಮ ಕಡೆ ಅದೆಲ್ಲ ಉಂಟಾ? ನಿಮ್ಮ ಕಡೆ ಅಂದನಲ್ಲ, ಅದು ಚುಚ್ಚಿತು, ಬಾಯಿಂದ ಮಾತು ಹಾರಿತು, ಸಾಬೂನು ಸ್ನಾನಕ್ಕೆ ಮೋನೇ, ನನಗೆ ಈ ಮೂಗೇ ಮೀಟರ್. ಎಲ್ಲರೂ ನಕ್ಕರು, ಪ್ರಶೋಭನೂ ನಕ್ಕ, ವಿಜಿಲೇಶ ಮೂಗನ್ನು ಕೊಳವೆಯ ಹತ್ತಿರ ಒಯ್ದು ಮೂಸಿದ, ಎರಡು ಸಲ, ನಾಟಕದವನ ಹಾಗೆ, ರೆಗ್ಯುಲೇಟರ್ ತೆರೆದೇ ಇರಲಿಲ್ಲ, ಏನನ್ನು ಮೂಸಿದ, ತೆರೆದಿದ್ದರೆ ತಾನೇ ಏನು. ಇವರು ಹೋದ ಮೇಲೆ ಹಚ್ಚಿದರಾಯಿತು ಎಂದುಕೊಂಡ, ಇವರು ಹೋಗಲಿಲ್ಲ, ಚಹಾಕ್ಕೆ ಎದ್ದ, ಅಷ್ಟರಲ್ಲಿ ಜಾನುವಮ್ಮ ನೆಲ ತೊಳೆಸಿ ಅಡುಗೆಮನೆಗೆ ಬೀಗ ಹಾಕಿಸಿದರು. ಬೀಗದ ಕೈ ಕೇಳಬಹುದಿತ್ತು. ಕೇಳಿದರೆ ಯಾಕೆ ಅನ್ನುತ್ತಿದ್ದರು, ಮೀಟರ್ ಕೆಟ್ಟಿತಾ ಅನ್ನುತ್ತಿದ್ದರು. ಕೆಟ್ಟಿದೆ. ಆ ಜ್ವರ ಬಂದು ಹೋದಾಗಿನಿಂದ ಕೆಟ್ಟಿದೆ, ಮೀನು ಸಾರಿಲ್ಲ, ಮಗಳ ತಲೆಯ ಎಣ್ಣೆಯಿಲ್ಲ, ಮಳೆ ಬಿದ್ದ ಅಂಗಳವಿಲ್ಲ, ಘಮ್ ಅಂತಿದೆ ಅಲ್ವಾ ಅಂತ ಹೆಂಡತಿ ಕೇಳಿದರೆ ಹೂಂ ಅನ್ನುತ್ತಾನೆ, ವಾಸನೆ ತಿಳಿಯದ ಗ್ಯಾಸಿನವನನ್ನು ಯಾರು ಮನೆಗೆ ಕರೆಯುತ್ತಾರೆ. ಅದಕ್ಕೇ ಅಂದಿನಿಂದ ಯಾವ ಮನೆಯಲ್ಲೂ ಸಾಬೂನು ತಪ್ಪಿಸಿಲ್ಲ, ಯಾರ ಯಾರದೋ ಮನೆಯಲ್ಲಿ ಮೊಣಕಾಲೂರಿ ಗುಳ್ಳೆ ಕಾದಿದ್ದಾನೆ, ತಪ್ಪಿಸಿದ್ದು ಇದೊಂದೇ ಮನೆ, ತನ್ನ ತಂಗಿಯದು.

ಕುಡಿ ಮತ್ತೆ ಬಾಗಿತು. ಬೆಳಿಗ್ಗೆ ಪ್ರಶೋಭ್ ಹೇಳಿದ್ದ, ಸಿಲಿಂಡರ್ ಆನ್ ಮಾಡಿದ್ದೀನಿ ಏಟ್ಟಾ, ಇನ್ನು ನಿಮ್ಮ ಒಲೆ ನಿಮ್ಮ ಮೂಗು. ಈಗ ಯಾರೋ ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚುತ್ತಿದ್ದಾರೆ, ಕೊಳೆತ ಕೋಸಿನ ಹಾಗೆ ಏನೇ ಅದು, ಮಗ್ಗುಲಲ್ಲಿದ್ದಾಕೆ ನಗುತ್ತಾಳೆ, ವಾರ್ನಿಷ್ ಕಣೇ, ಹೊಸ ಮನೆ ನಾರದೆ ನಿನ್ನ ಹಳೇ ಮನೆ ನಾರುತ್ತಾ. ವಾರ್ನಿಷ್ ಇರಲಿ ದೇವರೇ, ಅವನು ಉಸಿರೆಳೆದ, ಎದೆ ತುಂಬ ಎಳೆದ, ಏನೂ ಇಲ್ಲ, ತಂಗಿಯ ಮುಡಿ ತುಂಬ ಮಲ್ಲಿಗೆ, ಅದೂ ಇಲ್ಲ. ಈ ಅನಿಲ ಮೇಲೇಳುವುದಿಲ್ಲ, ನೀರಿನ ಹಾಗೆ ಕೆಳಗಿಳಿಯುತ್ತದೆ, ಕಪಾಟಿನ ತಳದಲ್ಲಿ ತುಂಬುತ್ತದೆ, ಬಾಗಿಲ ಸಂದಿಯಿಂದ ನೆಲಕ್ಕೆ ಹರಿಯುತ್ತದೆ, ನೆಲದಲ್ಲಿ ದೀಪ. ಹೇಳು. ಹೇಳಿದರೆ ಇಷ್ಟು ಜನರ ಮುಂದೆ - ಸುಳ್ಳಾದರೆ ಮುಹೂರ್ತ ಕೆಡಿಸಿದವ, ನಿಜವಾದರೆ ಅದಕ್ಕಿಂತ ಕೆಟ್ಟವ, ಹೇಳು, ಜಾನುವಮ್ಮ ಸೊಸೆಗೆ ಅನ್ನುತ್ತಿದ್ದಾರೆ, ಹೊತ್ತಾಯ್ತು ಮೋಳೇ, ಬೆಂಕಿ ತಗೋ. ಲಿಜಿನ ಬತ್ತಿ ಹಿಡಿದು ದೀಪದ ಕಡೆಗೆ ಬಗ್ಗಿದಳು, ಅವಳ ಜಡೆ ಮುಂದಕ್ಕೆ ಜಾರಿತು.

ಬಾಗಿಲಿಂದ ದೀಪದವರೆಗೆ ಹೇಗೆ ಬಂದನೋ, ಬೆರಳು ದೀಪದ ಬತ್ತಿಯನ್ನು ಎಣ್ಣೆಯೊಳಗೆ ಅದುಮಿತ್ತು, ಚರ್ಮ ಸುಟ್ಟಿತು, ಅಯ್ಯೋ ದೀಪ ಆರಿಸಿದ್ಯೇನೋ ಪಾಪಿ, ಹಾಲಿಟ್ಟ ಮನೆಯಲ್ಲಿ, ಅದು ಜಾನುವಮ್ಮನ ದನಿ, ಯಾರೋ ಮಾವ ಚಿಮಣಿಯ ಫ್ಯಾನಿಗೆ ಕೈ ಚಾಚಿದರು, ಸ್ವಿಚ್ ಮುಟ್ಟಬೇಡಿ, ಇದು ತನ್ನದೇ ದನಿಯೇ, ಎಲ್ಲರೂ ಹೊರಗೆ ಹೋಗಿ, ಕಿಟಕಿ ತೆಗೀರಿ, ಹಿತ್ತಿಲಿಗೆ ಓಡಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದ, ಮುಚ್ಚಿತು. ಅಂಗಳದಲ್ಲಿ ನೆಂಟರೆಲ್ಲ ಅವನನ್ನೇ ನೋಡುತ್ತಿದ್ದಾರೆ, ಪ್ರಶೋಭ್ ಕೇಳುತ್ತಿದ್ದಾನೆ, ಏಟ್ಟಾ, ನಿಮಗೆ ವಾಸನೆ ಬಂತಾ? ಹೂಂ ಅನ್ನಬಹುದು, ಅಂದರೆ ಮೀಟರ್ ಗೆದ್ದಿತು, ಮನೆ ಉಳಿಸಿದವನಾಗುತ್ತಾನೆ, ನಾಲಿಗೆಯ ತುದಿಯಲ್ಲೇ ಇದೆ ಆ ಹೂಂ. ಇಲ್ಲ. ಇಲ್ಲ ಅಂದ್ರೆ? ಪ್ರಶೋಭ್ ಬಿಡಲಿಲ್ಲ. ನಂಗೆ ಯಾವ ವಾಸನೇನೂ ಬರಲ್ಲ, ಜ್ವರ ಬಂದಾಗಿಂದ, ನಿನ್ನೆ ಸಾಬೂನೂ ಹಚ್ಚಲಿಲ್ಲ. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಗಾಳಿ ಆಡಿದ ಮೇಲೆ, ಮುಹೂರ್ತ ಮೀರಿದ ಮೇಲೆ, ಲಿಜಿನ ಲೋಟ ತಂದು ಕಪಾಟಿನ ಮುಂದೆ ಅವನ ಪಕ್ಕ ಕೂತಳು, ರಾತ್ರಿಯೆಲ್ಲ ನಿಂತು ಸತ್ತಿದ್ದ ನೊರೆಯನ್ನು ಬೆರಳಿನಿಂದ ಕಲಕಿದಳು, ಮೆಲ್ಲಗೆ ಕೇಳಿದಳು, ಮಲ್ಲಿಗೇನೂ ಇಲ್ವಾ ಏಟ್ಟಾ? ರೆಗ್ಯುಲೇಟರ್ ಸ್ವಲ್ಪ ತೆರೆಯಿರಿ ಎಂದು ಅವಳು ಹಿತ್ತಿಲಲ್ಲಿದ್ದ ಗಂಡನಿಗೆ ಕೂಗಿದಳು, ಅವನು ಬ್ರಷ್ ಅದ್ದಿ ಬಾಗುಕೊಳವೆಯ ತಿರುಪಿಗೆ ಹಚ್ಚಿದ, ಸೋರಿಕೆ ಇರದಿರಲಿ, ವಾಷರ್ ಸರಿಯಿರಲಿ, ಬೇರೆಯವರ ತಪ್ಪಿರಲಿ, ಕಿಟಕಿಯ ಬೆಳಕು ಕೀಲಿನ ಮೇಲೆ ಬಿದ್ದಿದೆ, ನೊರೆ ಸುಮ್ಮನಿದೆ, ಸುಮ್ಮನಿದೆ, ಅಂಚಿನಲ್ಲಿ ಒಂದು ಗುಳ್ಳೆ, ಮೀನಿನ ಕಣ್ಣಿನಷ್ಟು, ಉಬ್ಬುತ್ತಿದೆ, ಅದರೊಳಗೆ ಪುಟ್ಟ ಕಿಟಕಿ, ಕಿಟಕಿಯ ಮುಂದೆ ಇಬ್ಬರು, ಒಡೆಯಬಾರದೇ ಅದು, ಒಡೆಯುತ್ತಿಲ್ಲ, ಗುಳ್ಳೆ, ಇನ್ನೂ ಉಬ್ಬುತ್ತಿದೆ, ಗುಳ್ಳೆ